ಅಡುಗೆಮನೆ ಕಿಟಕಿಯ ಬಾಗಿಲು

ಅಕ್ಟೋಬರ್ ೧೪, ಮಂಗಳವಾರ

ಮಾಡಿದ್ದು ಸರಿಯೋ ತಪ್ಪೋ ಇನ್ನೂ ತಿಳಿಯುತ್ತಿಲ್ಲ.

ಅಡುಗೆಮನೆ ಕಿಟಕಿಯ ಬಾಗಿಲುಗಳನ್ನು ಏಳು ವರ್ಷದಿಂದ ತೆರೆದಿರಲಿಲ್ಲ. ಆಚೆಗಿರುವುದು ಓರಗಿತ್ತಿ ಧರ್ಮಾವತಕ್ಕನ ಅಡುಗೆಮನೆ. ಮನೆ ಪಾಲಾದ ದಿನ ಎಲ್ಲರೆದುರು ನನ್ನನ್ನು ಕಳ್ಳಿ ಎಂದವರು ಅವರು. ನಿನ್ನೆ ಗಾಜು ಬಿರುಕು ಬಿಟ್ಟಿದ್ದರಿಂದ ಇವರು ಬೆಳಿಗ್ಗೆ ಸ್ಕ್ರೂ ಬಿಚ್ಚಿ, ಎರಡೂ ಬಾಗಿಲು ಕಳಚಿ ಆಚಾರಿಯ ಹತ್ತಿರ ಒಯ್ದರು. ನಾನು ಒಲೆಯಿಂದ ತಿರುಗಿದರೆ ಸರಳುಗಳಾಚೆ ಅಕ್ಕ, ಕೈಚಾಚಿದರೆ ಸಿಗುವಷ್ಟು ಹತ್ತಿರ.

"ಪದ್ಮಲತಾ, ತೀರ್ಥಹಳ್ಳಿ ಡಾಕ್ಟ್ರ ಚೀಟಿ ಸ್ವಲ್ಪ ಓದ್ತೀಯನೇ? ಮಾತ್ರೆ ಬೆಳಗಿಂದಾ ಸಂಜೇದಾ ಗೊತ್ತಾಗ್ತಿಲ್ಲ, ಕಣ್ಣು ಮಂಜು."

ಚೀಟಿ ಇಸಕೊಂಡು ಓದಿದೆ. "ಸಂಜೇದು ಅಕ್ಕ."

"ಅಯ್ಯೋ, ತಿಂಗಳಿಂದ ಬೆಳಿಗ್ಗೆ ನುಂಗ್ತಿದೀನಲ್ಲೇ!" ಎಂದು ನಕ್ಕರು. ನಾನೂ ನಕ್ಕುಬಿಟ್ಟೆ. ಆ ಹಳೆಯ ಮಾತನ್ನು ಇಬ್ಬರೂ ಎತ್ತಲಿಲ್ಲ.

ಸಂಜೆ ಇವರು ಹೊಸ ಗಾಜು ಹಾಕಿಸಿದ ಬಾಗಿಲುಗಳನ್ನು ಮತ್ತೆ ಕೂಡಿಸಿ, "ಚಿಲಕ ಹಾಕ್ಲಾ?" ಎಂದರು.

"ಬೇಡ, ಅಕ್ಕ ಮಾತ್ರೆ ತಗೊಂಡ್ರಾ ಕೇಳ್ಬೇಕು" ಎಂದೆ.

ಕೇಳಿದೆ. ತಗೊಂಡಿದ್ದರು.

ಅವರನ್ನು ಕ್ಷಮಿಸಿದ್ದೇನೆಯೇ? ಇಲ್ಲ. ಆ ಮಾತು ನೆನೆದರೆ ಈಗಲೂ ಮೈ ಉರಿಯುತ್ತದೆ. ಆದರೂ ಎದ್ದುಹೋಗಿ ಆ ಚಿಲಕ ಹಾಕೋಣವೆಂದರೆ ಯಾಕೋ ಮನಸ್ಸು ಬರುತ್ತಿಲ್ಲ.