ಬೋಳ ಸೋತ ದಿನ

ಅಕ್ಕಾ,

ಟಿವಿಯಲ್ಲಿ ವರ್ಷದ ದೊಡ್ಡ ರೆಸ್ಲಿಂಗ್ ಈಗಷ್ಟೇ ಮುಗಿಯಿತು. ನೀನು ತೀರಿಕೊಂಡ ಮೇಲೆ ನಾನು ನೋಡಿದ ಮೊದಲನೆಯದು. ಶುರುವಿನ ಪಂದ್ಯಗಳು ಬರೀ ಬೊಗಳೆ. ಹೊಡೆದಾಟಕ್ಕಿಂತ ಮೈಕ್ ಹಿಡಿದು ಕೂಗಾಡಿದ್ದೇ ಹೆಚ್ಚು. ಕೊನೆಯದರಲ್ಲಿ ನಿನ್ನ ಮೆಚ್ಚಿನ ಖಳ, ಆ ಬೋಳ, ಮೈ ಮುರಿದು ಕಾದಾಡಿದ. ಆದರೆ ರೆಫರಿ ಎಂದಿನಂತೆ ಸರಿಯಾದ ಹೊತ್ತಿಗೆ ಮೂರ್ಛೆ ಹೋದ, ಹಿಂದಿನಿಂದ ಯಾರೋ ಕುರ್ಚಿ ಬೀಸಿದರು, ನನ್ನ ಚಾಂಪಿಯನ್ ಗೆದ್ದ.

ನೀನಿದ್ದಿದ್ದರೆ, “ಮೋಸ ಕಣೋ, ಎಲ್ಲಾ ಮೊದಲೇ ಮಾತಾಡ್ಕೊಂಡಿರ್ತಾರೆ” ಎಂದು ದಿಂಬು ಎಸೆಯುತ್ತಿದ್ದೆ. ಬೋಳ ಗೆದ್ದಾಗ ಮಾತ್ರ ನಿನಗದು ನಿಜವಾದ ಕುಸ್ತಿ. ಹೋಗಲಿ, ಇವತ್ತು ಅವನೇ ಗೆಲ್ಲಬೇಕಿತ್ತು, ಒಪ್ಪುತ್ತೇನೆ.

ಯಾರ ಕಡೆಯವನು ಸೋಲುತ್ತಾನೋ ಅವರೇ ಟೀ ಮಾಡಬೇಕೆಂಬುದು ನಮ್ಮ ಕರಾರು. ಗೆದ್ದವನು ನಾನು. ಸ್ವಲ್ಪ ಹೊತ್ತು ಸೋಫಾದಲ್ಲೇ ಕೂತಿದ್ದೆ. ಆಮೇಲೆ ಎದ್ದು ಟೀಗೆ ನೀರಿಟ್ಟೆ.