ಗೊತ್ತಿಲ್ಲ ಎಂದ ಮಗಳು

ಟೇಕಲ್, ಮಂಗಳವಾರ

ಅಪ್ಪನಿಗೆ ನಮಸ್ಕಾರ.

ಭಾನುವಾರ ನೀವು ಕೋಚ್ ಆಗಿರುವ ಫುಟ್‌ಬಾಲ್ ತಂಡ ಮತ್ತೆ ಸೋತಿತಲ್ಲ. ಸ್ಟೇಷನ್‌ನಲ್ಲಿ ನೀವು ಟೀ ತರಲು ಹೋದಾಗ, ನನ್ನ ಪಕ್ಕದಲ್ಲೇ ಅಭಿಮಾನಿಗಳು ವಾದಿಸುತ್ತಿದ್ದರು.

"ಇಷ್ಟು ಸೋತ್ರೂ ಆ ಕೋಚ್‌ನ ಯಾಕೆ ಇಟ್ಕೊಂಡವ್ರೆ?"

"ಬೇರೆ ಯಾರೂ ಸಿಗಲ್ಲ ಕಣೋ!"

ಒಬ್ಬ ನನ್ನನ್ನು ಕೇಳಿದ: "ನಿಮ್ಗೆ ಅವ್ರು ಗೊತ್ತಾ ಮೇಡಂ?"

"ಗೊತ್ತಿಲ್ಲ" ಎಂದುಬಿಟ್ಟೆ. ತಿರುಗಿದರೆ ನೀವು ಹಿಂದೆಯೇ ನಿಂತಿದ್ದಿರಿ. ಅವರೂ ನಿಮ್ಮ ಗುರುತು ಹಿಡಿದರು. "ತಗೊಳ್ಳಿ ಮೇಡಂ, ಅಂಗಡಿಯವ್ರು ನಿಮ್ಗೆ ಕೊಡು ಅಂದ್ರು" ಎಂದು ನನ್ನ ಕೈಗೆ ಟೀ ಕೊಟ್ಟು, ಯಾರೋ ಎಂಬಂತೆ ದೂರ ಹೋದಿರಿ.

ಮನೆಯಲ್ಲೂ ನೀವು ಆ ಮಾತೆತ್ತಲಿಲ್ಲ. ಎದುರಿಗೆ ಹೇಳಲು ನನಗೆ ಮುಖವಿಲ್ಲ, ಅದಕ್ಕೇ ಬರೆದೆ.

ಮುಂದಿನ ಮ್ಯಾಚ್‌ಗೆ ಮಾಲೂರಿಗೆ ನಾನೂ ಬರುತ್ತೇನೆ. ಆ ಅಭಿಮಾನಿಗಳಿಗೆ ಕೇಳುವ ಹಾಗೆ, "ಲೇ ರಜನಿ" ಎಂದು ಒಮ್ಮೆ ಕೂಗಿ.

ನಿಮ್ಮ ಮಗಳು,
ರಜನಿ