ಅರ ಹಾಕಿದ ಗುರುತು

ಭದ್ರಾವತಿ
23 ಜೂನ್ 2024, ಭಾನುವಾರ

ತಮ್ಮ ಮಧುವಿಗೆ,

ಆಶೀರ್ವಾದ ಎಂದು ಬರೆಯಲು ಹೋದೆ, ಕೈ ಬರಲಿಲ್ಲ. ಹದಿನೆಂಟು ವರ್ಷ ನಿನ್ನ ಮನೆಯ ಹೊಸ್ತಿಲು ತುಳಿಯದವನು ಯಾವ ಬಾಯಲ್ಲಿ ಆಶೀರ್ವಾದ ಮಾಡಲಿ? ಇಲ್ಲಿಂದ ಶಿವಮೊಗ್ಗದ ನಿನ್ನ ವಿನೋಬನಗರಕ್ಕೆ ಬಸ್ಸಿನಲ್ಲಿ ಒಂದು ಗಂಟೆಯೂ ಬೇಡ. ಹರಿದು ಹಾಕಬೇಡ ಮಾರಾಯ, ಪೂರ್ತಿ ಓದಿ ಆಮೇಲೆ ಬೈದುಕೋ.

ಅಪ್ಪನ ಜೋಡಿನಳಿಗೆ ಕೋವಿಯ ವಿಷಯ. ಅಗ್ಗಕ್ಕೆ ಸಿಕ್ಕಿತು ಅಂತ ಅಪ್ಪ ಕೊಂಡಿದ್ದ ಅದೇ ಡಬ್ಬಾ ಕೋವಿ. ಎಲೆಕ್ಷನ್ ಅಂತ ಠಾಣೆಗೆ ಒಪ್ಪಿಸಿದ್ದನ್ನು ಮೊನ್ನೆ ಬಿಡಿಸಿಕೊಂಡು ಬಂದೆ, ನಳಿಗೆ ತುಂಬಾ ತುಕ್ಕು. ಹೊಳೆಹೊನ್ನೂರಿನ ಗದ್ದೆ ಕಡೆ ಹಂದಿ ಕಾಟ ಜಾಸ್ತಿಯಾಗಿದೆ, ಶಿವಮೊಗ್ಗದಲ್ಲಿ ರಿಪೇರಿ ಮಾಡಿಸಿ ಲೈಸೆನ್ಸ್ ನನ್ನ ಹೆಸರಿಗೆ ಮಾಡಿಸಿಕೊಡಿ ಅಂತ ನನ್ನ ಮಗ ಜ್ಞಾನೇಶ ಹಠ ಹಿಡಿದ. ಬೇರೆಯವರ ಕೈಗೆ ಯಾಕೆ, ಮೂವತ್ತು ವರ್ಷ ಫಿಟ್ಟರ್ ಆಗಿದ್ದವನು ನಾನೇ ಇದ್ದೀನಲ್ಲ ಅಂದೆ.

ಮಂಗಳವಾರ ಮಧ್ಯಾಹ್ನ ಜಗಲಿಯಲ್ಲಿ ಹಳೇ ಲುಂಗಿ ಹಾಸಿ ಕೂತೆ. ಮುಂದಿನ ಮರದ ತುಂಡು ಬಿಚ್ಚಿ ನಳಿಗೆ ಕಳಚಿಟ್ಟೆ. ಹಿಡಿಯ ಸ್ಕ್ರೂ ಕಚ್ಚಿಕೊಂಡಿತ್ತು, ಹಾಳಾದ್ದು. ಸೀಮೆಎಣ್ಣೆ ಬಿಟ್ಟು ಎರಡು ಕಾಫಿಯಷ್ಟು ಹೊತ್ತು ಕಾದೆ. ಹಿಡಿ ಬಂದ ಮೇಲೆ ಒಳಗಿನ ಸಾಮಾನು ಕಂಡಿತು. ಟ್ರಿಗರ್ ಎಳೆಯುವ ತನಕ ಹ್ಯಾಮರನ್ನು ತಡೆದು ಹಿಡಿಯುವ ಪುಟ್ಟ ಹಲ್ಲು ಅಲ್ಲಿ ಒಂದೊಂದು ನಳಿಗೆಗೂ ಒಂದೊಂದು ಇರುತ್ತದೆ. ಬಲಗಡೆಯ ಹಲ್ಲು ಸವೆದು ನುಣ್ಣಗಾಗಿದೆ. ಮೆಲ್ಲಗೆ ಒಂದು ಪೆಟ್ಟು ಕೊಟ್ಟರೆ ಸಾಕು, ಟ್ರಿಗರ್ ಮುಟ್ಟದೆಯೇ ಜಾರುತ್ತದೆ. ಅಂದರೆ ತೋಟೆ ಹಾಕಿ ಕೋವಿಯನ್ನು ಟಪ್ ಅಂತ ಮುಚ್ಚಿದರೂ ಗುಂಡು ಹಾರುತ್ತದೆ. ಅದನ್ನು ಅವತ್ತೇ ಮೊದಲ ಸಲ ಕಣ್ಣಾರೆ ಕಂಡೆ.

ಆ ಆಯುಧಪೂಜೆಯ ದಿನ ನಡೆದದ್ದೂ ಅದೇ. ಕೋವಿಗೆ ವಿಭೂತಿ ಹಚ್ಚಿ, ಪೂಜೆಯಾದ ಮೇಲೆ ಆಕಾಶಕ್ಕೆ ಒಂದು ಗುಂಡು ಹಾರಿಸುವುದು ನಮ್ಮ ಮನೆಯ ಪದ್ಧತಿ. ನೀನು ತೋಟೆ ಹಾಕಿ ಕೋವಿ ಮುಚ್ಚಿದೆ. ಗುಂಡು ಹಾರಿ, ಸೀಸದ ಚರೆ ಅಂಗಳದ ಸಿಮೆಂಟಿಗೆ ಬಡಿದು ಚಿಮ್ಮಿತು. ಒಂಬತ್ತು ವರ್ಷದ ಜ್ಞಾನೇಶನ ಎಡಗಣ್ಣು ಹೋಯಿತು. ಅಣ್ಣಾ, ದೇವ್ರಾಣೆ ಟ್ರಿಗರ್ ಮುಟ್ಟಿಲ್ಲ ಅಂತ ನೀನು ಒಂದು ವಾರ ಅತ್ತೆ, ನಾನು ನಿನ್ನ ಮುಖಕ್ಕೆ ಉಗಿದೆ. ಎಂಟನೇ ದಿನ ನೀನು ಹಿರಿಯರ ಎದುರು ಸೋತು, ಬೆರಳು ತಾಗಿರ್ಬಹುದು ಅತ್ತಿಗೆ, ತಪ್ಪಾಯ್ತು ಅಂತ ನನ್ನ ಹೆಂಡತಿ ಕಲ್ಲಮ್ಮನ ಕಾಲಿಗೆ ಬಿದ್ದೆ. ಅವತ್ತೇ ನಿನ್ನನ್ನು ಮನೆಯಿಂದ ಹೊರಗೆ ಹಾಕಿದೆ.

ಹಲ್ಲು ತಾನಾಗಿ ಸವೆದದ್ದಲ್ಲ ಮಧು. ಹಬ್ಬಕ್ಕೆ ಒಂದು ತಿಂಗಳ ಮುಂಚೆ, ಟ್ರಿಗರ್ ಬಹಳ ಬಿಗಿ ಅಂತ ಬೇಜಾರಾಗಿ, ಸಣ್ಣ ಅರ ತಂದು ನಾನೇ ಉಜ್ಜಿದ್ದೆ. ಹೂವಿನಷ್ಟು ಹಗುರ ಮಾಡಿದೀನಿ ಅಂತ ಹಬ್ಬಕ್ಕೆ ಬಂದ ನೆಂಟರ ಮುಂದೆ ಜಂಬ ಕೊಚ್ಚಲು ಕಾಯುತ್ತಿದ್ದೆ. ನಿನಗೂ ಹೇಳಿರಲಿಲ್ಲ. ಅದರಿಂದಲೇ ಹೀಗಾಯಿತೆಂದು ಇಷ್ಟು ವರ್ಷ ತಲೆಗೇ ಹೊಳೆಯಲಿಲ್ಲ.

ಜ್ಞಾನೇಶ ಪಕ್ಕದಲ್ಲೇ ಕೂತಿದ್ದ. ಅವನೂ ಈಗ ಲೇತ್ ಕೆಲಸದವನು, ಒಂದೇ ಕಣ್ಣಿದ್ದರೂ ನನಗಿಂತ ಚೆನ್ನಾಗಿ ಗುರುತು ಹಿಡಿಯುತ್ತಾನೆ. ಅಪ್ಪಾಜಿ, ಇದಕ್ಯಾರೋ ಅರ ಹಾಕಿದಾರೆ, ಹಾಗಾದ್ರೆ ಚಿಕ್ಕಪ್ಪ ಹೇಳಿದ್ದು ನಿಜ ಇರ್ಬಹುದಲ್ವಾ ಅಂದ. ಹಳೇ ಕೋವಿ ಕಣೋ, ಯಾರು ಕೈಯಾಡಿಸಿದ್ರೋ ಏನೋ ಅಂತ ತಪ್ಪಿಸಿಕೊಂಡೆ. ಅರವತ್ತನಾಲ್ಕು ವರ್ಷದ ಗಂಡಸು ಮಗನ ಮುಂದೆ ಸುಳ್ಳು ಹೇಳಿದೆ. ಥೂ ನನ್ನ ಜನ್ಮಕ್ಕೆ.

ಬರುವ ಭಾನುವಾರ ಬಾ. ನಿನ್ನ ಎದುರೇ ಕಲ್ಲಮ್ಮನಿಗೂ ಜ್ಞಾನೇಶನಿಗೂ ಎಲ್ಲ ಹೇಳುತ್ತೇನೆ. ನೀನು ಬಾರದಿದ್ದರೂ ಹೇಳಲೇಬೇಕು, ಆದರೆ ನೀನಿಲ್ಲದೆ ಧೈರ್ಯ ಸಾಲುವುದಿಲ್ಲ. ನಿನ್ನ ಮೇಲೆ ಅಷ್ಟು ದೊಡ್ಡ ಪಾಪ ಹೊರಿಸಿಬಿಟ್ಟೆ. ಕ್ಷಮಿಸು ಅನ್ನಲು ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ.

ನಿನಗೆ ಅನ್ಯಾಯ ಮಾಡಿದ ಅಣ್ಣ,
ಓಂಕಾರಪ್ಪ

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಆ ಹಲ್ಲು ಜಾರುವುದನ್ನು ಮೊದಲ ಸಲ ನೋಡಿದ್ದು ಮೊನ್ನೆ ಮಂಗಳವಾರ ಅಲ್ಲ. ಅನಾಹುತವಾದ ಮೂರನೇ ದಿನವೇ ಬಾಗಿಲು ಹಾಕಿಕೊಂಡು ಕೋವಿ ಬಿಚ್ಚಿ ನೋಡಿದ್ದೆ. ಆಮೇಲೆ ಐದು ದಿನ, ನೀನಾಗಿಯೇ ತಪ್ಪೊಪ್ಪಿಕೊಳ್ಳಲಿ ಅಂತ ಕಾದೆ.